ಅಪ್ಪನ ರೆಕಾರ್ಡುಗಳಿಗೆ ಮಟನ್ ಸ್ಟ್ರೀಟ್ ಕೊಡುವ ಬೆಲೆ

ಮುಂಬಯಿ ಕಡೆಯ ಮುಲುಂಡಿನಲ್ಲೋ ಗೋರೆಗಾಂವಿನಲ್ಲೋ ಡೊಂಬಿವಲಿಯಲ್ಲೋ ಒಂದು ಫ್ಲ್ಯಾಟು. ಒಳಗೆ ಐನೂರರಿಂದ ಎರಡು ಸಾವಿರದವರೆಗೆ ಗ್ರಾಮಫೋನ್ ರೆಕಾರ್ಡುಗಳು. ಕೂಡಿಹಾಕಿದ ಅಪ್ಪ ಈಗಿಲ್ಲ, ಅಥವಾ ಇದ್ದೂ ಕೇಳುವ ಸ್ಥಿತಿಯಲ್ಲಿಲ್ಲ. ಮಕ್ಕಳಿಗೆ ಜಾಗವಿಲ್ಲ, ಮನೆ ಖಾಲಿ ಮಾಡಬೇಕು. ಇಂಥ ಮನೆಯವರಿಗೆ ಯಾರಾದರೊಬ್ಬರು ಮೊದಲು ಹೇಳುವ ಹೆಸರು ಹಳೆಯ ಸಾಮಾನಿನ ಮಾರುಕಟ್ಟೆಯಾದ ಚೋರ್ ಬಜಾರಿನ ಮಟನ್ ಸ್ಟ್ರೀಟ್. ಅಲ್ಲಿನ ರೆಕಾರ್ಡು ಅಂಗಡಿಗಳಲ್ಲಿ ಕೊಳ್ಳುವುದು ಹೇಗೆ ಎಂದು ಬೇಕಾದಷ್ಟು ಜನ ಬರೆದಿದ್ದಾರೆ. ಆ ಅಂಗಡಿಗಳಿಗೆ ಮಾರುವುದು ಹೇಗೆ, ಮಾರಿದರೆ ಕೈಗೆ ಏನು ಬರುತ್ತದೆ ಎಂಬುದೇ ಈ ವಿಮರ್ಶೆಯ ವಿಷಯ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಸಾಮಾನ್ಯ ಮಾಲಿಗೆ ಮಟನ್ ಸ್ಟ್ರೀಟ್ ಸರಿ, ಒಳ್ಳೆಯ ಮಾಲಿಗೆ ನಷ್ಟ, ಕನ್ನಡದ ಮಾಲಿಗೆ ಬೆಲೆಯೇ ಇಲ್ಲ.

ಬೀದಿ ಇರುವುದು ಭೆಂಡಿ ಬಜಾರಿನ ಪಕ್ಕ. ಸೆಂಟ್ರಲ್ ಲೈನಿನವರಿಗೆ ಸ್ಯಾಂಡ್‌ಹರ್ಸ್ಟ್ ರೋಡ್, ವೆಸ್ಟರ್ನ್ ಲೈನಿನವರಿಗೆ ಗ್ರ್ಯಾಂಟ್ ರೋಡ್ ಹತ್ತಿರ. ಶುಕ್ರವಾರ ಅಂಗಡಿಗಳು ಮುಚ್ಚಿರುತ್ತವೆ, ರಸ್ತೆಯ ಮೇಲೆ ಜುಮ್ಮಾ ಬಜಾರ್ ನಡೆಯುತ್ತದೆ. ಆ ದಿನ ವ್ಯವಹಾರ ಮಾತಾಡಲು ಹೋದರೆ ಓಡಾಟ ದಂಡ. ಮೊದಲ ಸಲ ಹೋಗುವಾಗ ಚೀಲದಲ್ಲಿ ರೆಕಾರ್ಡು ಹೊತ್ತುಕೊಂಡು ಹೋಗಬೇಡಿ. ಹೊತ್ತು ತಂದದ್ದನ್ನು ನೀವು ಮತ್ತೆ ಲೋಕಲ್ ಹತ್ತಿಸಿ ವಾಪಸು ಒಯ್ಯುವುದಿಲ್ಲ ಎಂಬುದು ಅಂಗಡಿಯವನಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಫೋನಿನಲ್ಲಿ ಕಪಾಟಿನ ಫೋಟೊ, ಕೈಯಲ್ಲಿ ಒಂದು ಪಟ್ಟಿ ಇದ್ದರೆ ಸಾಕು. ಸಂಗ್ರಹ ದೊಡ್ಡದಿದ್ದರೆ ಅವರೇ ಮನೆಗೆ ಬರುತ್ತಾರೆ.

ಮನೆಗೆ ಬಂದವರು ನೋಡುವ ಕ್ರಮವನ್ನು ಗಮನಿಸಬೇಕು. ಸಾಮಾನ್ಯವಾಗಿ ಇಬ್ಬರು ಬರುತ್ತಾರೆ. ಒಬ್ಬ ಮಾತಾಡುತ್ತಿರುತ್ತಾನೆ, ಇನ್ನೊಬ್ಬ ಸಾಲಿನುದ್ದಕ್ಕೂ ಬೆರಳಾಡಿಸುತ್ತ ಹೋಗುತ್ತಾನೆ. ಬೇಕೆನಿಸಿದ ರೆಕಾರ್ಡಿನ ಜಾಕೆಟನ್ನು (ರಟ್ಟಿನ ಹೊರಕವಚ) ಪೂರ್ತಿ ಹೊರಗೆ ತೆಗೆಯುವುದಿಲ್ಲ, ಒಂದಿಂಚು ಮೇಲಕ್ಕೆಳೆದು ಹಾಗೇ ಬಿಟ್ಟು ಮುಂದೆ ಸರಿಯುತ್ತಾನೆ. ಸಾಲು ಮುಗಿದ ಮೇಲೆ ಹಿಂತಿರುಗಿ ಬರುತ್ತ ಅವನ್ನೆಲ್ಲ ಅಂಗೈಯಿಂದ ಒಳಕ್ಕೆ ತಳ್ಳುತ್ತಾನೆ. ಆಮೇಲೆ ಮಾತಾಡುವವನು 'ಪೂರಾ ಲಾಟ್' ಬೆಲೆ, ಅಂದರೆ ಇಡೀ ರಾಶಿಗೆ ಸೇರಿಸಿ ಒಂದೇ ಬೆಲೆ, ಹೇಳುತ್ತಾನೆ. ಆ ಒಂದಿಂಚು ಮೇಲೆದ್ದ ಜಾಕೆಟುಗಳಿವೆಯಲ್ಲ, ಅವನು ಹೇಳಿದ ಬೆಲೆ ಹೆಚ್ಚುಕಡಿಮೆ ಅಷ್ಟಕ್ಕೇ. ಒಳಕ್ಕೆ ತಳ್ಳುವ ಮೊದಲೇ ಒಂದು ಫೋಟೊ ಹೊಡೆದುಕೊಳ್ಳಿ. ದುಡ್ಡು ಕೊಟ್ಟರೂ ಸಿಗದ ಮೌಲ್ಯಮಾಪನ ಅದು.

ಪೂರಾ ಲಾಟಿನ ಲೆಕ್ಕ ಹೀಗೆ ಕೂಡುತ್ತದೆ. ಸಾವಿರ ಎಲ್‌ಪಿಗಳಲ್ಲಿ (ಹನ್ನೆರಡಿಂಚಿನ ದೊಡ್ಡ ರೆಕಾರ್ಡು) ಕೌಂಟರಿನ ಮೇಲೆ ಇಟ್ಟ ವಾರದಲ್ಲಿ ಹೋಗುವಂಥವು ಕೆಲವೇ. ಒಂದಷ್ಟು ನಿಧಾನಕ್ಕೆ, ಒಂದಿಷ್ಟು ರಿಯಾಯಿತಿ ಕೊಟ್ಟರೆ ಹೋಗುತ್ತವೆ. ಉಳಿದದ್ದು ವರ್ಷಗಟ್ಟಲೆ ಗೋಡೆಗೆ ಒರಗಿ ಕೂರುವ ಮಾಲು. ಅಂಗಡಿಯವನು ಮೊದಲ ಗುಂಪನ್ನು ನೋಡಿ ಮನಸ್ಸು ಮಾಡುತ್ತಾನೆ, ಮೂರನೆಯ ಗುಂಪನ್ನು ತೋರಿಸಿ ಬೆಲೆ ಹೇಳುತ್ತಾನೆ. ಉದಾಹರಣೆಗೆ, ಅಂಗಡಿಯಲ್ಲಿ 600 ರೂಪಾಯಿಯ ಚೀಟಿ ಅಂಟಿಸುವಂಥ ಒಂದು ಎಲ್‌ಪಿಗೆ ಲಾಟಿನಲ್ಲಿ ತಲಾ 60 ರೂಪಾಯಿ ಎಂದಿಟ್ಟುಕೊಳ್ಳಿ. ಕೇಳಿದರೆ ಹೊಟ್ಟೆ ಉರಿಯುತ್ತದೆ. ಆದರೆ ಟೆಂಪೊ, ಹಮಾಲಿ, ಗೋಡೌನು, ಎರಡು ವರ್ಷ ಸಿಕ್ಕಿಬೀಳುವ ದುಡ್ಡು, ಎಂದೂ ಮಾರಾಟವಾಗದ ಅರ್ಧ ಮಾಲು, ಎಲ್ಲವೂ ಆ ವ್ಯತ್ಯಾಸದಲ್ಲೇ ಇವೆ. ಸಾಮಾನ್ಯ ಎಲ್‌ಪಿಗೆ ಅದು ಅನ್ಯಾಯದ ಬೆಲೆಯಲ್ಲ. ಅನ್ಯಾಯವಾಗುವುದು ಅದೇ 60 ರೂಪಾಯಿಗೆ ಆರು ಸಾವಿರದ ಒಂದು ಪ್ಲೇಟು ಸೇರಿ ಹೋದಾಗ. ಅದನ್ನು ತಡೆಯುವುದು ಮಾರುವವರ ಕೆಲಸ, ಕೊಳ್ಳುವವನದ್ದಲ್ಲ.

ಹಾಗಾಗಿ ಯಾರನ್ನಾದರೂ ಕರೆಯುವ ಮುಂಚೆ ವಿಂಗಡಣೆ ಮುಗಿದಿರಬೇಕು. ಮೊದಲು ಅಳತೆ. ಹನ್ನೆರಡಿಂಚಿನವು ಎಲ್‌ಪಿ, ಏಳಿಂಚಿನವು ಇಪಿ ಮತ್ತು ಸಿಂಗಲ್. ಹತ್ತಿಂಚಿನ, ದಪ್ಪನೆಯ, ತೂಕದವು 78, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟು. ಹನ್ನೆರಡಿಂಚಿನಲ್ಲೂ 78 ಇವೆ, ಹತ್ತಿಂಚಿನಲ್ಲೂ ಎಲ್‌ಪಿ ಇವೆ, ಲೇಬಲ್ ಓದದೆ ಗುಂಪಿಗೆ ಸೇರಿಸಬೇಡಿ. 78 ಅರಗಿನದು, ಬಿದ್ದರೆ ಒಡೆಯುತ್ತದೆ. ಎಲ್‌ಪಿ ವಿನೈಲ್, ಬಾಗುತ್ತದೆ. ಈ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿದರೆ ಮನೆ ಬಾಗಿಲು ದಾಟುವುದರೊಳಗೆ ಯಾವುದೋ ಒಂದು 78 ಸೀಳಿರುತ್ತದೆ.

ಎಲ್‌ಪಿಗಳಲ್ಲಿ ಎಚ್‌ಎಂವಿ ಕಂಪನಿಯ ಕ್ರಮಸಂಖ್ಯೆಯ ಮುಂದಿನ ಅಕ್ಷರಗಳೇ ಅರ್ಧ ಕೆಲಸ ಮುಗಿಸುತ್ತವೆ. ಇಎಎಲ್‌ಪಿ ಎಂದಿದ್ದರೆ ಶಾಸ್ತ್ರೀಯ, ಮೋನೊ. ಇಎಎಸ್‌ಡಿ ಅಂದರೆ ಶಾಸ್ತ್ರೀಯ, ಸ್ಟೀರಿಯೊ. ಇಸಿಎಲ್‌ಪಿ, ಇಸಿಎಸ್‌ಡಿ ಲಘು ಸಂಗೀತದ್ದು. ಸಿನಿಮಾದ ಇಪಿಗಳಲ್ಲಿ 7ಇಪಿಇ ಬಹಳ ಸಿಗುತ್ತದೆ. ಪಟ್ಟಿಯಲ್ಲಿ ಕಲಾವಿದರ ಹೆಸರಿಗಿಂತ ಈ ಸಂಖ್ಯೆ ಮುಖ್ಯ, ಏಕೆಂದರೆ ತಿಳಿದ ಗಿರಾಕಿ ಹುಡುಕುವುದು ಸಂಖ್ಯೆಯನ್ನೇ. ಲೇಬಲಿನ ಮೇಲೆ ವೃತ್ತದೊಳಗಿನ ಪಿ ಅಕ್ಷರದ ಪಕ್ಕ ಇರುವ ಇಸವಿಯನ್ನು ನೋಡಿ ಮೊದಲ ಮುದ್ರಣ ಎಂದು ತೀರ್ಮಾನಿಸಬೇಡಿ. ಅದು ಧ್ವನಿಮುದ್ರಿಕೆ ಮೊದಲು ಪ್ರಕಟವಾದ ವರ್ಷ. ನಿಮ್ಮ ಕೈಯಲ್ಲಿರುವ ಪ್ಲೇಟು ಹತ್ತು ವರ್ಷ ಆಮೇಲೆ ಒತ್ತಿದ್ದಿರಬಹುದು. ಸೂಜಿ ಓಡುವ ತೋಡು ಮುಗಿದು ಲೇಬಲ್ ಶುರುವಾಗುವ ನಡುವಿನ ಖಾಲಿ ಪಟ್ಟಿಯಲ್ಲಿ ಕೆತ್ತಿದ ಸಂಖ್ಯೆಯಿರುತ್ತದೆ. ಟಾರ್ಚು ಓರೆ ಹಿಡಿದು ಅದನ್ನೂ ಬರೆದುಕೊಳ್ಳಿ.

ಸ್ಥಿತಿಗೆ ಸಂಗ್ರಾಹಕರೆಲ್ಲ ಬಳಸುವುದು ಗೋಲ್ಡ್‌ಮೈನ್ ಎಂಬ ಅಮೆರಿಕದ ಪತ್ರಿಕೆಯ ಶ್ರೇಣಿ. ನಿಯರ್ ಮಿಂಟ್ ಪ್ಲೇಟಿಗೆ ನೂರು ಎಂದಾದರೆ ವಿಜಿ (ವೆರಿ ಗುಡ್) ಪ್ಲಸ್‌ಗೆ ಸುಮಾರು ಐವತ್ತು, ವಿಜಿಗೆ ಇಪ್ಪತ್ತೈದು, ಗುಡ್ ಎಂಬುದಕ್ಕೆ ಹತ್ತರಿಂದ ಹದಿನೈದು. ಹೆಸರು ಕೇಳಿ ಮೋಸಹೋಗಬೇಡಿ, ಈ ಲೋಕದಲ್ಲಿ ಗುಡ್ ಅಂದರೆ ಚೆನ್ನಾಗಿಲ್ಲ. ನೋಡುವುದು ಹೀಗೆ: ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಒಂದೇ ಬಲ್ಬಿನ ಕೆಳಗೆ ಪ್ಲೇಟನ್ನು ಓರೆ ಮಾಡಿ ತಿರುಗಿಸಿ. ಗೀರಿನ ಮೇಲೆ ಉಗುರು ಆಡಿಸಿದಾಗ ತಡೆದರೆ ಅದು ಟಕ್ ಟಕ್ ಎಂದು ಕೇಳಿಸಿಯೇ ತೀರುತ್ತದೆ. ಉಗುರಿಗೆ ಸಿಗದ ಕೂದಲೆಳೆಯ ಗೀರು ಅನೇಕ ಸಲ ಕೇಳಿಸುವುದೇ ಇಲ್ಲ.

ಕಣ್ಣಿಗೆ ಕಾಣದ ಸವೆತವೊಂದಿದೆ, ಅದೇ ಹೆಚ್ಚು ಬೆಲೆ ಕಡಿಯುವುದು. ಎಚ್‌ಎಂವಿ ಫಿಯೆಸ್ಟಾದಂಥ ಚಿಕ್ಕ ಪೋರ್ಟಬಲ್ ಪ್ಲೇಯರುಗಳಲ್ಲಿ ಇದ್ದದ್ದು ಭಾರದ ಸೆರಾಮಿಕ್ ಕಾರ್ಟ್ರಿಜ್ (ಸೂಜಿ ಕೂರುವ ಭಾಗ). ಸೂಜಿ ಮೊಂಡಾದ ಮೇಲೂ ಮನೆಯವರು ಅದರಲ್ಲೇ ಹಾಕುತ್ತಿದ್ದರು. ಅಂಥ ಸೂಜಿ ತೋಡಿನ ಗೋಡೆಯನ್ನೇ ಉಜ್ಜಿರುತ್ತದೆ. ಪ್ಲೇಟು ಫಳಫಳ ಹೊಳೆಯುತ್ತದೆ, ಹಾಕಿದರೆ ತಾರಸಪ್ತಕದಲ್ಲಿ ದನಿ ಒಡೆಯುತ್ತದೆ. ಅದಕ್ಕೇ ಅನುಭವಿ ಕೊಳ್ಳುವವನು ಮನೆಗೆ ಬಂದವನೇ 'ಮಶೀನ್ ಯಾವುದು?' ಎಂದು ಕೇಳುತ್ತಾನೆ. ಮ್ಯಾಗ್ನೆಟಿಕ್ ಕಾರ್ಟ್ರಿಜ್ ಹಾಕಿದ ಒಳ್ಳೆಯ ಟರ್ನ್‌ಟೇಬಲ್ ಇದ್ದರೆ ಮೊದಲು ಅದನ್ನೇ ತೋರಿಸಿ. ಫಿಯೆಸ್ಟಾ ಒಂದೇ ಇದ್ದರೆ ಅದನ್ನೂ ಮುಚ್ಚಿಡಬೇಡಿ, ಎರಡು ಪ್ಲೇಟು ಹಾಕಿ ಕೇಳಿದರೆ ಅವನಿಗೆ ತಿಳಿದುಹೋಗುತ್ತದೆ. 78ಗಳನ್ನು ಎಲ್‌ಪಿ ಸೂಜಿಯಲ್ಲಿ ಪರೀಕ್ಷಿಸಲು ಬಿಡಬೇಡಿ. 78ಕ್ಕೆ ಬೇಕಾದದ್ದು ಸುಮಾರು ಮೂರು ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು) ಅಗಲದ ಸೂಜಿ. ಎಲ್‌ಪಿಯ ಸೂಜಿ ಅದರ ಕಾಲು ಭಾಗದಷ್ಟೇ ಇರುವುದರಿಂದ ತೋಡಿನ ತಳದ ಕಸದಲ್ಲಿ ಓಡಾಡಿ ಬರೀ ಗರಗರ ಕೇಳಿಸುತ್ತದೆ, ಆ ಗರಗರ ತೋರಿಸಿ ಬೆಲೆ ಇಳಿಸುವವರಿದ್ದಾರೆ.

ಈಗ ತೊಳೆಯುವ ಮಾತು. ಮುಂಬಯಿಯ ಮಳೆಗಾಲಕ್ಕೆ ಸಿಕ್ಕ ಕಾಗದದ ಒಳಚೀಲಗಳಲ್ಲಿ ಬೂಷ್ಟು ಗ್ಯಾರಂಟಿ. ವಿನೈಲ್ ಮೇಲಿನ ಬಿಳಿ ಚುಕ್ಕೆ ಬಹಳ ಸಲ ಡಿಸ್ಟಿಲ್ಡ್ ವಾಟರ್, ಒಂದೆರಡು ಹನಿ ಸೌಮ್ಯ ಸೋಪು, ಮೈಕ್ರೊಫೈಬರ್ ಬಟ್ಟೆಗೆ ಹೋಗುತ್ತದೆ. ಲೇಬಲ್ ಒದ್ದೆಯಾಗಬಾರದು, ತೋಡಿನ ದಿಕ್ಕಿನಲ್ಲೇ ಒರೆಸಬೇಕು, ನೆರಳಿನಲ್ಲಿ ನಿಲ್ಲಿಸಿ ಒಣಗಿಸಬೇಕು. ಅಂಗಡಿಯಲ್ಲಿ ಸಿಗುವ ರೆಕಾರ್ಡ್ ಕ್ಲೀನಿಂಗ್ ದ್ರವಗಳಲ್ಲಿ ಅನೇಕದರಲ್ಲಿ ಆಲ್ಕೊಹಾಲ್ ಇರುತ್ತದೆ. ಅದನ್ನು 78ಕ್ಕೆ ಸೋಕಿಸಲೇಬಾರದು, ಅರಗು ಕರಗುತ್ತದೆ, ಮೇಲ್ಮೈ ಮಸುಕಾಗಿ ಪ್ಲೇಟು ಕೆಟ್ಟೇಹೋಗುತ್ತದೆ. ಎಲ್ಲವನ್ನೂ ತೊಳೆಯುವ ಅಗತ್ಯವೂ ಇಲ್ಲ. ಬಿಡಿಯಾಗಿ ಮಾರುವ ಐವತ್ತು ಅರವತ್ತಕ್ಕೆ ಮಾತ್ರ ಆ ಶ್ರಮ ಸಾರ್ಥಕ. ಜಾಕೆಟಿನ ಮೇಲೆ ಅಪ್ಪ ಬರೆದ ಹೆಸರು, ತಾರೀಖು, ಅಂಗಡಿಯ ಚೀಟಿ ಇದ್ದರೆ ಕೆರೆಯಬೇಡಿ. ಕಾಲಾಘೋಡಾದ ಹಳೆಯ ರೆಕಾರ್ಡು ಅಂಗಡಿ ರಿದಮ್ ಹೌಸ್ 2016ರಲ್ಲಿ ಮುಚ್ಚಿತು. ಅದರ ಚೀಟಿ ಇರುವ ಜಾಕೆಟನ್ನು ಪ್ರೀತಿಯಿಂದ ಕೊಳ್ಳುವವರಿದ್ದಾರೆ, ಕೆರೆದ ಗುರುತಿರುವ ಜಾಕೆಟನ್ನು ಕೊಳ್ಳುವವರಿಲ್ಲ.

ಯಾವುದು ಅಪರೂಪ, ಯಾವುದು ಅಲ್ಲ ಎಂಬುದರಲ್ಲಿ ಮನೆಯವರ ಅಂದಾಜು ಹೆಚ್ಚಾಗಿ ತಲೆಕೆಳಗು. 'ಶೋಲೆ'ಯ ಸಂಭಾಷಣೆಯ ಎಲ್‌ಪಿ ಕೈಗೆ ಸಿಕ್ಕಿದ ಕೂಡಲೇ ಕಣ್ಣರಳಿಸುತ್ತಾರೆ. ಪಾಲಿಡೋರ್ ಕಂಪನಿ ಅದನ್ನು ಅಪಾರ ಸಂಖ್ಯೆಯಲ್ಲಿ ಮಾರಿತ್ತು, ಹಾಗಾಗಿ ಇಂದಿಗೂ ಅದು ಬೇಕಾದಷ್ಟಿದೆ. ಎಲ್ಲರ ಮನೆಯಲ್ಲೂ ಇದ್ದ ಭಜನೆ, ಗಜಲ್, ಜನಪ್ರಿಯ ಸಿನಿಮಾ ಹಾಡುಗಳ ಆಯ್ಕೆ, ಅರವತ್ತು ಎಪ್ಪತ್ತರ ದಶಕದ ದೊಡ್ಡ ಉಸ್ತಾದರ ಪದೇಪದೇ ಒತ್ತಿದ ಎಲ್‌ಪಿಗಳು, ಇವೆಲ್ಲ ಸಾಮಾನ್ಯ ಮಾಲು. ಸಂಗೀತ ಎಷ್ಟು ದೊಡ್ಡದು ಎಂಬುದಕ್ಕೂ ಬೆಲೆಗೂ ಸಂಬಂಧ ಕಡಿಮೆ. ಎಷ್ಟು ಒತ್ತಿದರು, ಎಷ್ಟು ಉಳಿದಿವೆ, ಬೇಕೆನ್ನುವವರು ಯಾವ ದೇಶದಲ್ಲಿದ್ದಾರೆ ಎಂಬುದೇ ಬೆಲೆ.

ಅಪರೂಪದವು ಕಣ್ಣಿಗೆ ಸಾದಾ ಕಾಣುತ್ತವೆ. ಬೀಟಲ್ಸ್ ಹಾಡುಗಳು ಬೇರೆ ಕಡೆ ವಿನೈಲಿನಲ್ಲಿ ಬರುತ್ತಿದ್ದಾಗ ಭಾರತದಲ್ಲಿ ಅರಗಿನ 78ಗಳಾಗಿಯೂ ಪಾರ್ಲೊಫೋನ್ ಲೇಬಲಿನಲ್ಲಿ ಬಂದವು. ಹೊರದೇಶದ ಸಂಗ್ರಾಹಕರು ಅದಕ್ಕೆ ದೊಡ್ಡ ಮೊತ್ತ ಕೊಡುತ್ತಾರೆ. ಸಿಮ್ಲಾ ಸಿಗರೇಟಿನವರು ನಡೆಸಿದ ಬೀಟ್ (ರಾಕ್) ಗುಂಪುಗಳ ಸ್ಪರ್ಧೆಯ 1970 ಮತ್ತು 71ರ ಎಲ್‌ಪಿಗಳ ಮೂಲ ಪ್ರತಿ, ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ಸಿಂಥಸೈಜರ್ ಮೇಲೆ ಡಿಸ್ಕೊ ತಾಳಕ್ಕೆ ಹತ್ತು ರಾಗ ನುಡಿಸಿದ ಎಚ್‌ಎಂವಿ ಎಲ್‌ಪಿ, ಇವು ಕಾಲೇಜು ಓದುತ್ತಿದ್ದ ಚಿಕ್ಕಪ್ಪನ ರಾಶಿಯಲ್ಲಿ ಸಿಗುವ ಬಗೆಯವು. ಚರಣ್‌ಜಿತರದ್ದು 2010ರಲ್ಲಿ ವಿದೇಶದಲ್ಲಿ ಮರುಮುದ್ರಣವಾಯಿತು. ಮರುಮುದ್ರಣಕ್ಕೂ ಮೂಲಕ್ಕೂ ಬೆಲೆಯಲ್ಲಿ ಅಜಗಜಾಂತರ, ಲೇಬಲ್ ನೋಡಿ. ಇಂಥವೆಲ್ಲ ಮಟನ್ ಸ್ಟ್ರೀಟಿನವರಿಗೆ ಚೆನ್ನಾಗಿ ಗೊತ್ತು. ಅವರಿಗೂ ಗೊತ್ತಾಗದೆ ತಪ್ಪಿಹೋಗುವ ಒಂದು ಬಗೆ ನಮ್ಮ ಕಡೆಯದೇ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಆರಂಭದ 78ಗಳ ಮೇಲೆ ಅವರ ಹೆಸರಿಲ್ಲ, 'ಗಾಂಧಾರಿ' ಎಂದಿದೆ. ದನಿಯೂ ನಂತರದ ಗಂಡುದನಿಯಲ್ಲ, ತೆಳ್ಳಗಿನ ಹುಡುಗಿಯ ದನಿ. ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಮನೆಗಳ 78ರ ಪೆಟ್ಟಿಗೆಯನ್ನು ಲಾಟಿಗೆ ಸೇರಿಸುವ ಮೊದಲು ಒಂದೊಂದೇ ಲೇಬಲ್ ಓದಬೇಕಾದದ್ದು ಇದಕ್ಕೇ. ಮಲ್ಲಿಕಾರ್ಜುನ ಮನ್ಸೂರರ 78ಗಳನ್ನೂ ಹಾಗೇ ಬದಿಗಿಡಿ.

ಮನೆಯಲ್ಲೇ ನಡೆಯುವ ವ್ಯವಹಾರ ಕೆಡುವ ರೀತಿಗಳು ಹೆಚ್ಚಿಲ್ಲ, ಆದರೆ ಪದೇಪದೇ ಅವೇ. ಮೊದಲು ಬಂದವನು 'ಸ್ಯಾಂಪಲ್‌ಗೆ ಮೂವತ್ತು ಒಯ್ಯುತ್ತೇನೆ, ಉಳಿದದ್ದಕ್ಕೆ ಭಾನುವಾರ ಟೆಂಪೊ ತರುತ್ತೇನೆ' ಎನ್ನುತ್ತಾನೆ. ಆ ಮೂವತ್ತೇ ಸಂಗ್ರಹದ ಜೀವ. ಭಾನುವಾರ ಬರುವುದಿಲ್ಲ, ಎರಡನೆಯವನು ಬಂದು ನೋಡಿ 'ಇದರಲ್ಲಿ ಏನೂ ಇಲ್ಲವಲ್ಲ' ಎಂದು ಹೋಗುತ್ತಾನೆ. ಬಿಡಿ ಮಾರುವುದಾದರೆ ಬಿಡಿಯ ಬೆಲೆಗೇ ಮಾರಿ, ಲಾಟಿನ ಬೆಲೆಗೆ ಬಿಡಿ ಕೊಡಬೇಡಿ. ಎರಡನೆಯದು, ಜಾಕೆಟೊಂದು ಒಳಗಿನ ಪ್ಲೇಟೊಂದು. ವರ್ಷಗಟ್ಟಲೆ ಮನೆಯವರು ಕೇಳಿದ ಸಂಗ್ರಹದಲ್ಲಿ ಇದು ಇದ್ದದ್ದೇ. ಪ್ರತಿ ಜಾಕೆಟಿನ ಒಳಗೂ ನೋಡದೆ ಪಟ್ಟಿ ಮಾಡಿದರೆ ಟೆಂಪೊ ತುಂಬುವ ಹೊತ್ತಿಗೆ ಜಗಳ. ಮೂರನೆಯದು ಅಡ್ವಾನ್ಸು. ಸಾವಿರ ರೂಪಾಯಿ ಕೊಟ್ಟು ಎರಡು ತಿಂಗಳು ಕಾಯಿಸುವವರಿದ್ದಾರೆ. ಅಡ್ವಾನ್ಸ್ ತೆಗೆದುಕೊಂಡರೆ ಒಯ್ಯುವ ತಾರೀಖನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ, ತಪ್ಪಿದರೆ ಬೇರೆಯವರಿಗೆ ಕೊಡುವುದಾಗಿ ಅದರಲ್ಲೇ ಹೇಳಿ.

ತೂಕವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಜಾಕೆಟ್ ಸಮೇತ ಒಂದು ಎಲ್‌ಪಿ ಸುಮಾರು ಕಾಲು ಕಿಲೊ. ಸಾವಿರಕ್ಕೆ ಕಾಲು ಟನ್. ಒಂದು ಛೋಟಾ ಹಾಥಿ ಟೆಂಪೊದಲ್ಲಿ ಆರಾಮಾಗಿ ಹೋಗುತ್ತದೆ, ಆದರೆ ಲಿಫ್ಟಿಗೆ ಸೊಸೈಟಿಯ ಒಪ್ಪಿಗೆ ಬೇಕು, ಸಾಮಾನು ಹೊರಗೆ ಬಿಡಲು ವಾಚ್‌ಮನ್‌ಗೆ ಸೆಕ್ರೆಟರಿಯ ಚೀಟಿ ಬೇಕು. ಪೆಟ್ಟಿಗೆಗೆ ನಲವತ್ತೈದಕ್ಕಿಂತ ಹೆಚ್ಚು ಎಲ್‌ಪಿ ತುಂಬಿದರೆ ತಳ ಕಿತ್ತುಬರುತ್ತದೆ. ಎಲ್‌ಪಿ ಇರಲಿ 78 ಇರಲಿ ನಿಲ್ಲಿಸಿಯೇ ಇಡಬೇಕು, ಓರೆಯಾಗದಂತೆ ಬಿಗಿಯಾಗಿ. ಮಲಗಿಸಿ ಪೇರಿಸಿದರೆ ಕೆಳಗಿನ 78ಗಳು ಮೇಲಿನವುಗಳ ಭಾರಕ್ಕೇ ಬಿರಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಗಿಸದಿರುವುದು ಉತ್ತಮ. ಒದ್ದೆ ರಟ್ಟಿನ ಪೆಟ್ಟಿಗೆಯೊಳಗೆ ಎರಡು ವಾರದಲ್ಲಿ ಬೂಷ್ಟು ಹತ್ತುತ್ತದೆ, ಅಂಗಡಿಯವರೂ ಆ ತಿಂಗಳುಗಳಲ್ಲಿ ಕೈಬಿಗಿ.

ಮಟನ್ ಸ್ಟ್ರೀಟಿನ ಹೊರಗೆ ಏನಿದೆ? ಹೊಸ ಪೀಳಿಗೆಯ ರೆಕಾರ್ಡು ಅಂಗಡಿಗಳು, ಎಸಿ ಹಾಕಿ ಕಾಫಿ ಕೊಡುವಂಥವು, ಕೆಲವು ಹಳೆಯ ಮಾಲನ್ನು ಕಮಿಷನ್ ಮೇಲೆ ಇಟ್ಟುಕೊಳ್ಳುತ್ತವೆ. ಮಾರಿದ ಮೇಲೆ ದುಡ್ಡು. ಬಿಡಿ ಬೆಲೆ ಲಾಟಿಗಿಂತ ಎಷ್ಟೋ ವಾಸಿ, ಆದರೆ ಅವರು ಆರಿಸಿಕೊಳ್ಳುವುದು ಒಳ್ಳೆಯ ಜಾಕೆಟಿನ ಸಿನಿಮಾ, ರಾಕ್, ಜಾಜ್. 78 ಬೇಡವೆನ್ನುತ್ತಾರೆ. ಒಪ್ಪಂದದಲ್ಲಿ ನೋಡಬೇಕಾದವು: ಕಮಿಷನ್ ಎಷ್ಟು, ಎಷ್ಟು ತಿಂಗಳಿಗೆ ಲೆಕ್ಕ, ಅವರು ರಿಯಾಯಿತಿ ಕೊಟ್ಟರೆ ಅದು ಯಾರ ಪಾಲಿನಿಂದ, ಅಂಗಡಿಯಲ್ಲಿ ಗ್ರಾಹಕರು ಹಾಕಿ ಕೇಳುವಾಗ ಗೀರು ಬಿದ್ದರೆ ಯಾರ ತಲೆಗೆ. ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಬಿಟ್ಟುಬಿಡಿ.

78ಗಳಿಗೆ ಸಂಗ್ರಾಹಕರೇ ಸರಿಯಾದ ಗಿರಾಕಿಗಳು. ಮುಂಬಯಿಯಲ್ಲೇ 1990ರಿಂದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಎಂಬ ಬಳಗವಿದೆ. 'ದಿ ರೆಕಾರ್ಡ್ ನ್ಯೂಸ್' ಎಂಬ ಪತ್ರಿಕೆಯನ್ನೂ ತಂದವರು. ಇಂಥ ಬಳಗದವರು ಪ್ಲೇಟಿನ ಗುರುತು ಹಿಡಿಯುವುದರಲ್ಲಿ ನಿಸ್ಸೀಮರು. ಆದರೆ ಸಂಗ್ರಾಹಕ ಲಾಟು ಒಯ್ಯುವವನಲ್ಲ, ತನ್ನಲ್ಲಿಲ್ಲದ ಹನ್ನೆರಡು ಪ್ಲೇಟು ಆರಿಸುತ್ತಾನೆ, ಅದಕ್ಕೆ ಮೂರು ಗಂಟೆ ಕೂರುತ್ತಾನೆ, ಚಹಾ ಎರಡು ಸಲ. ಆ ಹನ್ನೆರಡಕ್ಕೆ ಕೊಡುವ ದುಡ್ಡು ಬೀದಿಯವರು ಇಡೀ ಪೆಟ್ಟಿಗೆಗೆ ಕೊಡುವುದಕ್ಕಿಂತ ಹೆಚ್ಚಿರಬಹುದು. ಮೊದಲು ಸಂಗ್ರಾಹಕ, ಆಮೇಲೆ ಕಮಿಷನ್ ಅಂಗಡಿ, ಕೊನೆಗೆ ಮಟನ್ ಸ್ಟ್ರೀಟ್, ಈ ಕ್ರಮ ತಿರುಗಿಸಬೇಡಿ.

ಆನ್‌ಲೈನಿನಲ್ಲಿ ಬೆಲೆ ತಿಳಿಯಲು ರೆಕಾರ್ಡುಗಳ ಪಟ್ಟಿ ಮತ್ತು ಮಾರಾಟದ ತಾಣ ಡಿಸ್ಕಾಗ್ಸ್ ಒಳ್ಳೆಯದು. ಅಲ್ಲಿ ನೋಡಬೇಕಾದದ್ದು ಜನ ಕೇಳುತ್ತಿರುವ ಬೆಲೆಯನ್ನಲ್ಲ, ಹಿಂದೆ ಮಾರಾಟವಾದ ಬೆಲೆಯ ಇತಿಹಾಸವನ್ನು. ಅದೂ ನಿಮ್ಮಲ್ಲಿರುವ ಮುದ್ರಣದ್ದೇ ಆಗಿರಬೇಕು. ಮಾರಲು ಅದು ತಾಳ್ಮೆಯವರ ದಾರಿ. ಹಣ ಕಳಿಸುವ ಸೇವೆ ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ, ಹಾಗಾಗಿ ಅದು ಹೊರದೇಶದ ಗಿರಾಕಿಗೆ ಮಾತ್ರ. ಹೊರದೇಶಕ್ಕೆ ವ್ಯಾಪಾರದ ಮಾಲೆಂದು ಕಳಿಸಲು ಐಇಸಿ (ಆಮದು-ರಫ್ತು ಕೋಡ್) ಸಂಖ್ಯೆ ಬೇಕು. ನೂರು ವರ್ಷ ದಾಟಿದ ಪ್ಲೇಟಾದರೆ 1972ರ ಪುರಾತನ ವಸ್ತು ಕಾಯ್ದೆಯ ತಕರಾರು ಬರಬಹುದು, ಅಂಥದ್ದನ್ನು ಹೊರಗೆ ಕಳಿಸುವ ಸಾಹಸ ಬೇಡ. ಊರೊಳಗಿನ ಗಿರಾಕಿಗೆ ಕಳಿಸುವಾಗಲೂ ಪ್ಲೇಟನ್ನು ಜಾಕೆಟಿನಿಂದ ತೆಗೆದು, ಒಳಚೀಲದ ಸಮೇತ ಜಾಕೆಟಿನ ಹಿಂದೆ ಇಟ್ಟು ಕಟ್ಟಬೇಕು. ಒಳಗೇ ಬಿಟ್ಟರೆ ಕೊರಿಯರಿನವನು ಎಸೆದ ಏಟಿಗೆ ಪ್ಲೇಟಿನ ಅಂಚೇ ಜಾಕೆಟಿನ ಹೊಲಿಗೆ ಸೀಳುತ್ತದೆ. 78 ಆದರೆ ಎರಡೂ ಬದಿಗೆ ಸುಕ್ಕುರಟ್ಟು, ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ಎರಡಿಂಚು ಮೆತ್ತೆ.

ಕನ್ನಡದ ಪ್ಲೇಟುಗಳ ಗತಿ ಮುಂಬಯಿಯಲ್ಲಿ ಬೇಸರ ತರಿಸುವಂಥದ್ದು. ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರೊಂದಿಗೆ ಹಾಡಿದ 78, ರಾಜ್‌ಕುಮಾರ್ ಚಿತ್ರಗಳ ಇಪಿ, ದಾಸರಪದ, ನಾಟಕದ ಸೆಟ್ಟು, ಎಲ್ಲವನ್ನೂ ಮಟನ್ ಸ್ಟ್ರೀಟಿನವರು 'ಸೌತ್ ಕಾ ಮಾಲ್' ಎಂದು ಒಂದೇ ರಾಶಿಗೆ ತಳ್ಳುತ್ತಾರೆ. ಅವರದು ತಪ್ಪಲ್ಲ, ಆ ಕೌಂಟರಿಗೆ ಕೇಳುವ ಗಿರಾಕಿ ಬರುವುದಿಲ್ಲ. ಲಾಟಿಗೆ ಅದು ಸೊನ್ನೆಯಾಗಿ ಸೇರುವುದರಿಂದ ತೆಗೆದಿಟ್ಟರೂ ಲಾಟಿನ ಬೆಲೆ ಇಳಿಯುವುದಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡದ ಸಂಗ್ರಾಹಕರಿಗೆ ಪಟ್ಟಿ ಕಳಿಸಿ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘದ ಕಾರ್ಯಕ್ರಮಗಳಿಗೆ ಬರುವವರಲ್ಲಿ ಬಾಯಿಮಾತು ಹರಡಿದರೆ ಕೇಳುವವರು ಸಿಗುತ್ತಾರೆ, ಹೆಚ್ಚಿನವರು ಟರ್ನ್‌ಟೇಬಲ್ ಇಲ್ಲದಿದ್ದರೂ ಕೊಳ್ಳುವವರು. ಊರಿಗೆ ಕಳಿಸುವ ಪೆಟ್ಟಿಗೆಯನ್ನು ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಇಂಜಿನ್ ಬದಿಗೆ ಇಡಿಸಬೇಡಿ. ಆ ಶಾಖಕ್ಕೆ ವಿನೈಲ್ ಬಾಗಿದರೆ ಮತ್ತೆ ನೇರವಾಗುವುದು ಕಷ್ಟ.

ಯಂತ್ರಗಳನ್ನು ರೆಕಾರ್ಡಿನ ಲಾಟಿಗೆ ಸೇರಿಸಿ ಕೊಡುವುದು ಬೇಡವೇ ಬೇಡ. 'ಮಶೀನ್ ಭೀ ದೇ ದೋ' ಎಂದು ಕೊನೆಗೆ ಕೇಳುವುದು ರೂಢಿ. ಸೂಟ್‌ಕೇಸಿನಂತೆ ಮುಚ್ಚುವ ಎಚ್‌ಎಂವಿ 102 ಗ್ರಾಮಫೋನು 1931ರಿಂದ ಸುಮಾರು 1958ರವರೆಗೆ ತಯಾರಾದದ್ದು, ಇವತ್ತಿಗೂ ಬೇಡಿಕೆಯಿದೆ. ಅದರ ಸೂಜಿ ಸಿಕ್ಕಿಸುವ ಸೌಂಡ್‌ಬಾಕ್ಸ್ ಮೇಲೆ 5ಎ ಅಥವಾ 5ಬಿ ಎಂದಿದ್ದರೆ ಫೋಟೊ ತೆಗೆದಿಡಿ, ರಿಪೇರಿಗೆ ಕೊಟ್ಟಾಗ ಬದಲಾಗುವ ಭಾಗ ಅದೇ. ಚೋರ್ ಬಜಾರಿನಲ್ಲೇ ಸಾಲಾಗಿ ಕೂತಿರುವ ಹಿತ್ತಾಳೆ ಕಹಳೆಯ 'ಆಂಟಿಕ್' ಗ್ರಾಮಫೋನುಗಳಲ್ಲಿ ಹೆಚ್ಚಿನವು ಹೊಸದಾಗಿ ಜೋಡಿಸಿದವು, ಆ ಬೆಲೆ ನೋಡಿ ನಿಮ್ಮದನ್ನು ಅಳೆಯಬೇಡಿ. ಗ್ಯಾರಾರ್ಡ್ 301, 401, ಥೋರೆನ್ಸ್ ಟಿಡಿ 124 ಟರ್ನ್‌ಟೇಬಲ್ ಸಿಕ್ಕಿದರೆ ಅದೊಂದೇ ಇಡೀ ರೆಕಾರ್ಡು ಸಂಗ್ರಹಕ್ಕಿಂತ ಹೆಚ್ಚಿಗೆ ಹೋಗಬಹುದು. ಗ್ಯಾರಾರ್ಡ್ ಹೆಸರಿನ ಸಾದಾ ಚೇಂಜರುಗಳಿಗೆ (ಒಂದಾದ ಮೇಲೊಂದು ಪ್ಲೇಟು ತಾನೇ ಹಾಕುವ ಪ್ಲೇಯರು) ಆ ಬೆಲೆಯಿಲ್ಲ, ಮಾಡೆಲ್ ಸಂಖ್ಯೆ ನೋಡಿಕೊಳ್ಳಿ.

ಸ್ಪೂಲ್ ಟೇಪುಗಳಿದ್ದರೆ ಮಾರುವ ಮಾಲಿನ ಜತೆ ಇಡಬೇಡಿ. ದಾದರ್, ಗಿರ್‌ಗಾಂವ್ ಕಡೆಯ ಮನೆ ಬೈಠಕ್‌ಗಳನ್ನು (ಮನೆಯಲ್ಲೇ ನಡೆಯುವ ಕಚೇರಿ) ಮುದ್ರಿಸಿಕೊಂಡವರು ಅನೇಕರು. ಅಂಥ ಟೇಪಿಗೆ ಬೀದಿಯಲ್ಲಿ ಚಿಲ್ಲರೆ ಸಿಗುತ್ತದೆ, ಖಾಲಿ ಟೇಪೆಂದು ಒರೆಸಿ ಮಾರುವವರೂ ಇದ್ದಾರೆ. ಹಾಡಿದವರ ಹಕ್ಕಿನ ಪ್ರಶ್ನೆ ಇರುವುದರಿಂದ ಮಾರಾಟವೂ ಸರಿಯಲ್ಲ. 1982ರಲ್ಲಿ ಶುರುವಾಗಿ ಈಗ ಗುರುಗ್ರಾಮದಲ್ಲಿರುವ ಎಥ್ನೊಮ್ಯೂಸಿಕಾಲಜಿಯ (ಸಂಗೀತ-ಸಂಸ್ಕೃತಿಯ ಅಧ್ಯಯನ) ಆರ್ಕೈವ್, ನರಿಮನ್ ಪಾಯಿಂಟಿನ ಪ್ರದರ್ಶನ ಕಲೆಗಳ ಕೇಂದ್ರ ಎನ್‌ಸಿಪಿಎಯ ಸಂಗ್ರಹಾಲಯ, ಇಂಥ ಕಡೆ ಮೊದಲು ಪತ್ರ ಬರೆದು ಕೇಳಿ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಟೇಪು ಕೊಳೆಯಲು ಶುರುವಾಗಿದೆ, ಉಳಿದವುಗಳಿಂದ ಬೇರೆ ಇಡಿ, ಮನೆಯ ಮಶೀನಿನಲ್ಲಿ ಹಾಕಿ ನೋಡಬೇಡಿ.

ದುಡ್ಡಿನ ವಿಚಾರ ಚುಟುಕಾಗಿ. ಅಪ್ಪ ತೀರಿಕೊಂಡಿದ್ದರೆ ಅಮ್ಮ, ಅಣ್ಣತಮ್ಮ, ಅಕ್ಕತಂಗಿಯರ ಒಪ್ಪಿಗೆಯನ್ನು ಟೆಂಪೊ ಬರುವ ಮೊದಲೇ ಬರೆದು ಪಡೆಯಿರಿ. ಬೀದಿಯವರು ನಗದು ಕೊಡುತ್ತಾರೆ, ಆದರೆ ಒಂದೇ ವ್ಯವಹಾರಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವಂತಿಲ್ಲ, ಎರಡು ಕಂತು ಮಾಡಿದರೂ ಅಷ್ಟೇ. ಮನೆಬಳಕೆಯ ಚರವಸ್ತು ಮಾರಿದ್ದಕ್ಕೆ ಸಾಮಾನ್ಯವಾಗಿ ಬಂಡವಾಳ ಲಾಭದ ತೆರಿಗೆ ಇಲ್ಲ, ಮೊತ್ತ ದೊಡ್ಡದಾದರೆ ಸಿಎಯನ್ನು ಕೇಳಿಬಿಡಿ. ಒಂದು ಕಾಗದದ ಮೇಲೆ ಎಷ್ಟು ಪೆಟ್ಟಿಗೆ, ಎಷ್ಟು ಪ್ಲೇಟು, ಎಷ್ಟು ರೂಪಾಯಿ ಎಂದು ಬರೆದು ಇಬ್ಬರೂ ಸಹಿ ಹಾಕಿದರೆ ಸಾಕು.

ಹಾಗಾದರೆ ಮಟನ್ ಸ್ಟ್ರೀಟಿಗೆ ಎಷ್ಟು ಅಂಕ? ವೇಗಕ್ಕೆ ಐದಕ್ಕೆ ಐದು, ಬೇರೆ ಯಾರೂ ಒಂದೇ ಮಧ್ಯಾಹ್ನದಲ್ಲಿ ಗೋಡೆ ಖಾಲಿ ಮಾಡುವುದಿಲ್ಲ. ವಿಂಗಡಿಸಿ ಉಳಿದ ಸಾಮಾನ್ಯ ಮಾಲಿನ ಬೆಲೆಗೆ ಮೂರೂವರೆ. ವಿಂಗಡಿಸದೆ ಕೊಟ್ಟ ಸಂಗ್ರಹದ ಬೆಲೆಗೆ ಒಂದು. ಒಡೆದ 78, ಬಾಗಿದ ಎಲ್‌ಪಿಗಳನ್ನು ಅವರು ಬಿಟ್ಟು ಹೋಗುತ್ತಾರೆ, ರದ್ದಿವಾಲಾನೂ ಮುಟ್ಟುವುದಿಲ್ಲ. ಅವುಗಳ ಜಾಕೆಟ್ ಮಾತ್ರ ಎಸೆಯಬೇಡಿ. ಹಳೆಯ ಸಿನಿಮಾ ಎಲ್‌ಪಿಗಳ ಖಾಲಿ ಜಾಕೆಟನ್ನು ಫ್ರೇಮು ಹಾಕಿಸಿ ಗೋಡೆಗೆ ತೂಗಿಸುವವರು ಕೊಳ್ಳುತ್ತಾರೆ, ಒಳ್ಳೆಯ ಪ್ಲೇಟಿದ್ದೂ ಜಾಕೆಟ್ ಹರಿದ ಸಂಗ್ರಾಹಕರೂ ಕೇಳುತ್ತಾರೆ. ಲಾಟಿನ ಮಾತು ಮುಗಿದು ದುಡ್ಡು ಎಣಿಸಿಕೊಂಡ ಮೇಲೆ ಅವನ್ನು ಬೇರೆಯೇ ಕಟ್ಟಾಗಿ ತೆಗೆದು ತೋರಿಸಿ, ಬೆಲೆಯನ್ನೂ ಬೇರೆಯೇ ಹೇಳಿ.